ಕೊಬ್ಬರಿ ಅಟ್ಟದ ಕೆಳಗಿನ ನಾಲ್ಕು ಟೈರು

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿಯಿತು. ನೆಂಟರು ಅವರವರ ಊರಿಗೆ ಹೋದರು. ಮಾರನೆಯ ಬೆಳಗ್ಗೆ ಎಂದಿನಂತೆ ಹಸು ಕರೆದದ್ದಾಯಿತು. ಎಂದಿನಂತೆ ಹೊನ್ನವಳ್ಳಿ ಕಡೆಯಿಂದ ಮೊದಲ ಬಸ್ಸು ಬಂತು. ನಾನು ನಾಲ್ಕು ಲೋಟಕ್ಕೆ ಕಾಫಿ ಸೋಸಿದೆ. ಆಮೇಲೆ ಒಂದನ್ನು ಮತ್ತೆ ಪಾತ್ರೆಗೆ ಸುರಿದೆ.

ನನ್ನ ಗಂಡನಿಗೆ ಮೂವತ್ತೊಂದು ವರ್ಷವಾಗಿತ್ತು. ಕೃತ್ತಿಕೆ ಮಳೆ ಹನಿಯಲು ಶುರುವಾದ ಮಧ್ಯಾಹ್ನ, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕಿ ನಮ್ಮ ಡೀಸೆಲ್ ಪಿಕಪ್ಪಿನಲ್ಲಿ ಒಬ್ಬರೇ ಹಿಂದಿರುಗುತ್ತಿದ್ದರು. ಕೆರೆ ಏರಿಯ ತಿರುವಿನಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂತು. ಬ್ರೇಕ್ ಹಾಕಿದರು. ಪಿಕಪ್ಪು ನಿಲ್ಲಲಿಲ್ಲ, ಜಾರಿತು. ಜಾರಿಕೊಂಡು ಹೋಗಿ ಹುಣಸೆ ಮರಕ್ಕೆ ಬಡಿದು ನಿಂತಿತು. ಎತ್ತುಗಳಿಗೆ ಏನೂ ಆಗಲಿಲ್ಲ. ಈ ಕಥೆಗೆ ಇಷ್ಟು ತಿಳಿದರೆ ಸಾಕು.

ವರ್ಕ್‌ಶಾಪಿನವರು ಪಿಕಪ್ಪನ್ನು ಹಿಂದಿನ ದಿನವೇ ತಂದು ಅಂಗಳದಲ್ಲಿ ಬಿಟ್ಟುಹೋಗಿದ್ದರು. ಹೊಸ ಗಾಜು, ತಟ್ಟಿ ನೇರ ಮಾಡಿದ ಬಾನೆಟ್ಟು, ಬೇರೆ ಬಣ್ಣದ ಒಂದು ಬಾಗಿಲು. ಟೈರುಗಳು ಮಾತ್ರ ಹಳೆಯವೇ. ಅವಕ್ಕೆ ಏಟು ಬಿದ್ದಿರಲಿಲ್ಲ.

ಮೈದುನ ಬೆಟ್ಟಸ್ವಾಮಿ ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದ. ಅವನಿಗೆ ಇಪ್ಪತ್ತನಾಲ್ಕು. ಅಣ್ಣ ಮಾಡುತ್ತಿದ್ದ ಕೆಲಸ ಇನ್ನು ಅವನದು.

“ನಾಳೆಯಿಂದ ನಾನೇ ಓಡುಸ್ತೀನಿ ಅತ್ಗೆ. ಅಟ್ಟದ ತುಂಬ ಕೊಬ್ಬರಿ ಐತೆ. ಹಿಂಗೇ ಕುಂತ್ರೆ ಆಗಕಿಲ್ಲ.”

ಜಗಲಿಯ ಮೇಲೆ ಕೂತಿದ್ದ ಅತ್ತೆ ಕಲ್ಲಮ್ಮ ಹೇಳಿದರು: “ನಾಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಕ್ಕಿ ಹತ್ಸು ಕಣಪ್ಪ. ಈ ಗಾಡಿ ಮೇಲೆ ಕಣ್ಣು ಬಿದ್ದೈತೆ. ತಂದ ದಿನ ಊರಿಗೆ ಊರೇ ನಿಂತ್ಕೊಂಡು ನೋಡ್ತು.”

ಕೊಬ್ಬರಿ ತುಂಬಲು ಗೋಣಿಚೀಲ ಬೇಕಿತ್ತು. ಅಟ್ಟದ ಕೆಳಗೆ ಹೋಗಿ ಚೀಲದ ರಾಶಿ ಎತ್ತಿದೆ. ಅಡಿಯಲ್ಲಿ ನಾಲ್ಕು ಟೈರುಗಳಿದ್ದವು, ಒಂದರ ಮೇಲೊಂದು. ನಮ್ಮವಲ್ಲ. ಪ್ರತಿಯೊಂದರ ಮಗ್ಗುಲಲ್ಲೂ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ಮರುಳಸಿದ್ದಯ್ಯ. ಒಂದು ವಾರ.’

ಅದು ನನ್ನ ಗಂಡನ ಹೆಸರು. ಅಕ್ಷರ ಅವರದಲ್ಲ.

“ಇವು ಯಾರವು?” ಎಂದು ಬೆಟ್ಟಸ್ವಾಮಿಯನ್ನು ಕೇಳಿದೆ.

“ಅವಾ? ಟೈರಂಗಡಿ ದುರ್ಗಯ್ಯಂದು. ಒಂದು ವಾರ ಹಾಕ್ಕೊಂಡು ಓಡ್ಸಿ ನೋಡಿ ಅಂತ ಹಟ ಮಾಡಿ ಕೊಟ್ಟ. ಈ ಸರ್ತಿ ಕಾಯಿ ಕಿತ್ತು ಮುಗೀಲಿ, ಆಮೇಲೆ ಹಾಕನ ಅಂತ ಅಣ್ಣ ತಂದು ಮಡಗಿದ್ದ.”

“ಯಾಕೆ ಕೊಟ್ಟರು?”

“ನಮ್ಮ ಟೈರು ಸರಿಯಿಲ್ವಂತೆ. ನಮ್ಮವು ಮಿಲ್ಟ್ರಿ ಟೈರು ಅತ್ಗೆ! ಹರಾಜಲ್ಲಿ ಸಿಗೋದೇ ಕಷ್ಟ. ಆವಯ್ಯಂಗೆ ವ್ಯಾಪಾರ ಆಗ್ಬೇಕು, ಅಷ್ಟೇಯ.”

ಅತ್ತೆ ಜಗಲಿಯಿಂದ ಎದ್ದು ನನ್ನ ಕಡೆ ತಿರುಗಿದರು. “ಹೋದೋನು ಇಸ್ಕೊಂಡು ಬಂದಿದ್ದ ಸಾಮಾನು ಮನೇಲಿ ಇರಬಾರ್ದು ಹೊಂಬಾಳೇ. ಮೊದ್ಲು ಕೊಟ್ಟು ಕಳಿಸ್ರವ್ವ.”

ಕೊಡೋಣ ಎಂದೆ. ಆದರೆ ಯಾಕೆ ಕೊಟ್ಟರು ಎಂಬುದು ನನಗೆ ತಿಳಿಯಬೇಕಿತ್ತು. ಹನ್ನೊಂದು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ದುರ್ಗಯ್ಯನವರಿಗೆ ಒಂದು ಚೀಟಿ ಕಳಿಸಿದೆ. ಅವರು ಬರುವವರೆಗೆ ಪಿಕಪ್ಪನ್ನು ಹೊರಗೆ ತೆಗೆಯಬೇಡ ಎಂದು ಬೆಟ್ಟಸ್ವಾಮಿಗೆ ಹೇಳಿದೆ. ಅವನು ಗೊಣಗಿದ. ಬೀಗದ ಕೈಯನ್ನು ನಾನು ಸೆರಗಿಗೆ ಕಟ್ಟಿಕೊಂಡೆ.

ಮಾರನೆಯ ದಿನ ಸಣ್ಣಗೆ ಮಳೆ ಹಿಡಿದಿತ್ತು. ದುರ್ಗಯ್ಯ ತಮ್ಮ ಅಂಗಡಿಯ ಪಿಕಪ್ಪಿನಲ್ಲಿ ಬಂದರು. ಅದೂ ನಮ್ಮದರಂಥದೇ ಗಾಡಿ. ಐವತ್ತು ದಾಟಿದ ಮನುಷ್ಯ. ಕೈಯ ಗೆರೆಗಳಲ್ಲೆಲ್ಲ ಕಪ್ಪು ಕೂತಿತ್ತು. ಕಾಫಿ ಬೇಡವೆಂದರು. “ಸಾಮಾನು ಇಸ್ಕೊಂಡು ಹೋಗಕ್ಕೆ ಬಂದೆ ಅಂತ ತಿಳ್ಕಬ್ಯಾಡಿ ಅವ್ವ,” ಎಂದರು. ಆಮೇಲೆ ನಮ್ಮ ಪಿಕಪ್ಪಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು.

“ಸ್ವಾಮಣ್ಣ, ಬಾ ಇಲ್ಲಿ. ಈ ಉಬ್ಬಿರೋ ರಬ್ಬರ್ ಬಟನ್ ಮೇಲೆ ಉಗುರು ಊರು.”

ಬೆಟ್ಟಸ್ವಾಮಿ ಊರಿದ. ಗುರುತೇ ಬೀಳಲಿಲ್ಲ.

“ಈಗ ನನ್ನ ಗಾಡಿದರ ಮೇಲೆ ಊರು.”

ಸಣ್ಣ ಗುರುತು ಬಿತ್ತು.

“ನಮ್ಮದು ಗಟ್ಟಿ ಐತೆ. ಅದೇ ಅಲ್ವಾ ಬೇಕಾದ್ದು?” ಎಂದ ಬೆಟ್ಟಸ್ವಾಮಿ. “ಇದು ಗಡಿ ಕಾಯ್ದು ಬಂದಿರೋ ಟೈರು ಕಣಯ್ಯ. ಹಿಮದಾಗೆ ಓಡೈತೆ.”

“ಓಡೈತೆ ಕಣಪ್ಪ, ಇಲ್ಲ ಅಂದೋರ್ಯಾರು? ಓಡಿ ಓಡಿ ಪೆನ್ಶನ್ ಆದ ಮ್ಯಾಲೇನೇ ಹರಾಜಿಗೆ ಬಿಟ್ಟವ್ರೆ. ಪೆನ್ಶನ್ ಆಗಿರೋ ಸಿಪಾಯಿನ ತಂದು ನೀನು ದಿನಾ ಕವಾಯತು ಮಾಡುಸ್ತಾ ಇದ್ದೀಯ.”

ಅತ್ತೆಯ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಯಿತು. ಹನ್ನೆರಡು ದಿನಗಳಲ್ಲಿ ಅದೇ ಮೊದಲು.

ದುರ್ಗಯ್ಯ ಟೈರಿನ ಮಗ್ಗುಲಿನ ಸಣ್ಣ ಸಣ್ಣ ಬಿರುಕುಗಳನ್ನು ತೋರಿಸಿದರು. ರಬ್ಬರು ಹಳೆಯದಾದರೆ ಹೀಗೆ ಬಿರಿಯುತ್ತದೆ, ಕಲ್ಲಿನಂತಾಗುತ್ತದೆ, ಒದ್ದೆ ಟಾರನ್ನು ಹಿಡಿಯುವುದಿಲ್ಲ ಎಂದರು. ಆಮೇಲೆ ಬಟನ್‌ಗಳ ನಡುವಿನ ಸಂದಿಗೆ ತಮ್ಮ ಮೂರು ಬೆರಳು ಇಟ್ಟರು. ಮೂರೂ ಹಿಡಿಸಿದವು.

“ಈ ಸಂದಿ ಇರೋದು ಕೆಸರು ಕಚ್ಚಕ್ಕೆ. ಉತ್ತಿರೋ ಹೊಲಕ್ಕೆ, ಕೆರೆ ಅಂಗಳಕ್ಕೆ ಇದರಂಥದ್ದು ಇಲ್ಲ. ಅದು ಸುಳ್ಳಲ್ಲ. ಟಾರಲ್ಲಿ ಕಚ್ಚಕ್ಕೆ ಏನೈತೆ? ಅಲ್ಲಿ ರಬ್ಬರು ನೆಲಕ್ಕೆ ಕೂರ್ಬೇಕು. ಇದರಲ್ಲಿ ಕೂರೋದು ಅಲ್ಲೊಂಚೂರು, ಇಲ್ಲೊಂಚೂರು.”

“ತೋಟಕ್ಕೆ ಗಾಡಿ ಇಳೀಬೇಕಲ್ಲಯ್ಯ?” ಬೆಟ್ಟಸ್ವಾಮಿ ಬಿಡಲಿಲ್ಲ. “ಮಳೆಗಾಲದಲ್ಲಿ ನಿನ್ನ ನುಣ್ಣನೆ ಟೈರು ಹಾಕ್ಕೊಂಡು ಹೋದ್ರೆ ಹೂತ್ಕಂಡು ಕುಂತ್ಕತದೆ.”

“ಆಯ್ತು. ವಾರಕ್ಕೆ ಎಷ್ಟು ಸಲ ಇಳೀತದೆ ತೋಟಕ್ಕೆ?”

“ಎರಡು ಸಲ.”

“ಕೆಸರಿನ ದಾರಿ ಎಷ್ಟುದ್ದ?”

“ಒಂದು ಫರ್ಲಾಂಗು.”

“ಟಾರ್ ರೋಡು?”

ಬೆಟ್ಟಸ್ವಾಮಿ ಲೆಕ್ಕ ಹಾಕಿದ. “ದಿನಾ ಮೂವತ್ತು ಕಿಲೋಮೀಟರಾದ್ರೂ ಆಯ್ತದೆ.”

“ತೋಟದಲ್ಲಿ ಹೂತ್ಕಂಡ್ರೆ ಏನ್ಮಾಡ್ತೀಯ?”

“ಕೂಗಿದ್ರೆ ನಾಕು ಜನ ಬತ್ತಾರೆ. ತಳ್ತಾರೆ.”

“ಟಾರಲ್ಲಿ ಜಾರಿದ್ರೆ?”

ದುರ್ಗಯ್ಯ ತಾವು ಕೇಳಿದ್ದಕ್ಕೆ ತಾವೇ ತಲೆ ತಗ್ಗಿಸಿದರು.

ಅತ್ತೆ ಹೇಳಿದರು: “ಹಣೇಲಿ ಬರೆದಿತ್ತು. ಆಯ್ತು. ಟೈರು ಏನ್ ಮಾಡಾತು ಬುಡು.”

“ನೀನು ಹೇಳೋದು ನಿಜವೋ ಸುಳ್ಳೋ ನೋಡೇಬುಡನ,” ಎಂದ ಬೆಟ್ಟಸ್ವಾಮಿ. “ಎರಡೂ ಒಂದೇ ಥರದ ಗಾಡಿ. ರೋಡು ಒದ್ದೆ ಐತೆ. ನಮ್ಮದನ್ನ ನಾನೇ ಓಡುಸ್ತೀನಿ. ನೀನು ಬೇಕಂತ ಜಾರುಸ್ಬೋದು.”

ನಮ್ಮ ತೋಟದ ಬೇಲಿ ರಸ್ತೆಯ ಉದ್ದಕ್ಕೂ ಇದೆ. ಬೇಲಿಯ ಒಳಗೆ ಮೂವತ್ತು ಅಡಿಗೊಂದು ತೆಂಗಿನ ಮರ. ಅಲ್ಲಿ ರಸ್ತೆ ನೇರ, ಎರಡೂ ಕಡೆ ಗುಂಡಿಯಿಲ್ಲ. ಆಚೆ ತುದಿಗೊಬ್ಬ, ಈಚೆ ತುದಿಗೊಬ್ಬ ಆಳು ನಿಂತು ಬರುವ ಹೋಗುವ ಗಾಡಿಗಳನ್ನು ತಡೆದರು. ಮೊದಲ ಮರದ ನೇರಕ್ಕೆ ಬಂದಾಗ ಬ್ರೇಕ್ ಹಾಕಬೇಕು, ಸ್ಪೀಡಿನ ಮುಳ್ಳು ನಲವತ್ತರಲ್ಲಿರಬೇಕು, ಇಷ್ಟೇ ಒಪ್ಪಂದ.

ದುರ್ಗಯ್ಯನವರ ಪಿಕಪ್ಪು ಎರಡನೆಯ ಮರ ದಾಟಿ ನಾಲ್ಕು ಹೆಜ್ಜೆಗೆ ನಿಂತಿತು. ನೇರವಾಗಿ ನಿಂತಿತು.

ಬೆಟ್ಟಸ್ವಾಮಿ ಬಂದ. ಮೊದಲ ಮರದ ಹತ್ತಿರ ಚಕ್ರಗಳು ತಿರುಗುವುದನ್ನು ನಿಲ್ಲಿಸಿದ್ದು ಕಾಣಿಸಿತು. ಪಿಕಪ್ಪು ನಿಲ್ಲಲಿಲ್ಲ. ಎರಡನೆಯ ಮರ ಹೋಯಿತು. ಹಿಂಭಾಗ ನಿಧಾನವಾಗಿ ಬೇಲಿಯ ಕಡೆಗೆ ತಿರುಗಿತು. ಮೂರನೆಯ ಮರವೂ ಹೋಯಿತು. ಆಮೇಲೆ ಅಡ್ಡಡ್ಡಲಾಗಿ ನಿಂತಿತು.

ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ನನಗೆ ಗೊತ್ತಾಗಿರಲಿಲ್ಲ. ಉಗುರಿನ ಗುರುತು ಎರಡು ದಿನ ಇತ್ತು.

ಬೆಟ್ಟಸ್ವಾಮಿ ಕೂಡಲೇ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದ. ನಾವು ಹತ್ತಿರ ಹೋದಾಗ ಹೇಳಿದ: “ಹಿಡೀಲೇ ಇಲ್ಲ ಕಣವ್ವ. ಬ್ರೇಕು ಪೂರಾ ಒತ್ತಿದ್ದೆ. ಗಾಡಿ ನನ್ನ ಕೈಲೇ ಇರ್ಲಿಲ್ಲ. ಅಣ್ಣಂಗೂ ಹಿಂಗೇ...”

ಅತ್ತೆ ಅವನ ಮಾತು ಮುಗಿಯಲು ಬಿಡಲಿಲ್ಲ. ಕೈ ಹಿಡಿದು ಅವನನ್ನು ಕೆಳಗೆ ಇಳಿಸಿದರು. ದುರ್ಗಯ್ಯನವರ ಕಡೆ ತಿರುಗಿ ಹೇಳಿದರು:

“ನಿಂಬೆಹಣ್ಣು ಇರ್ಲಿ. ಟೈರು ಬಿಚ್ಚು.”

ಈ ಪರೀಕ್ಷೆಯನ್ನು ನೀವು ಮಾಡಿ ನೋಡಬೇಡಿ. ನಾವು ನೋಡಿದ್ದು ಸಾಕು.

ಅಟ್ಟದ ಕೆಳಗಿನ ಟೈರುಗಳನ್ನೇ ಹಾಕಿಬಿಡೋಣ ಎಂದರು ದುರ್ಗಯ್ಯ. ಅತ್ತೆ ಒಪ್ಪಲಿಲ್ಲ. ಮಗ ಹಾಕದೆ ಬಿಟ್ಟದ್ದನ್ನು ಹಾಗೆಯೇ ಹಿಂದಕ್ಕೆ ಕೊಡಬೇಕೆಂದರು. ದುರ್ಗಯ್ಯ ವಾದ ಮಾಡಲಿಲ್ಲ. ಮಾರನೆಯ ದಿನ ನಾಲ್ಕು ಹೊಸ ಟೈರು ತಂದು ನಮ್ಮ ಅಂಗಳದಲ್ಲೇ ಹಾಕಿಕೊಟ್ಟರು. ಪೂರಾ ಕೆಸರಿನ ಟೈರೂ ಅಲ್ಲ, ಪೂರಾ ಟಾರಿನದೂ ಅಲ್ಲ. ನಡುವೆ ಒತ್ತೊತ್ತಾದ ಗೆರೆ, ಎರಡು ಅಂಚಿಗೂ ದಪ್ಪ ಬಟನ್. ಅಂಗಡಿಯಲ್ಲಿ ಇದಕ್ಕೆ ಸೆಮಿ ಲಗ್ ಎನ್ನುತ್ತಾರೆ. ದಿನವೂ ಟಾರಿನ ಮೇಲೆ ಓಡಿ, ಆಗೀಗ ತೋಟಕ್ಕೆ ಇಳಿಯುವ ಗಾಡಿಗೆ ಇದೇ ಸರಿ.

“ಮುಂದಕ್ಕೆ ಎರಡು ಸಾಕಲ್ವಾ? ಹಿಂದಕ್ಕೆ ಹಳೇವೇ ಇರ್ಲಿ,” ಎಂದು ಬೆಟ್ಟಸ್ವಾಮಿ ಒಮ್ಮೆ ಕೇಳಿದ.

“ಮುಂದಿನ ಕಾಲು ನಿಂತು ಹಿಂದಿನ ಕಾಲು ಓಡಿದ್ರೆ ಎತ್ತು ಏನಾಯ್ತದೆ?” ಎಂದರು ದುರ್ಗಯ್ಯ.

ನಾಲ್ಕೂ ಹಾಕಿಸಿದೆವು.

ಮಿಲಿಟರಿ ಟೈರುಗಳನ್ನು ಎಸೆಯಲಿಲ್ಲ. ತೋಟದೊಳಗೆ ಮಾತ್ರ ಓಡಾಡುವ ಎತ್ತಿನ ಗಾಡಿಗೆ ಬೆಟ್ಟಸ್ವಾಮಿ ಎರಡು ಹಾಕಿದ್ದಾನೆ. ಈಗ ಮಳೆ ಹೆಚ್ಚಿದ್ದಾಗ ಕಾಯಿ ರಸ್ತೆಯ ಅಂಚಿನವರೆಗೆ ಆ ಗಾಡಿಯಲ್ಲೇ ಬರುತ್ತದೆ. ಪಿಕಪ್ಪು ಟಾರಿನ ಮೇಲೆ ಕಾಯುತ್ತದೆ. ತೋಟಕ್ಕೆ ಇಳಿಯಲೇಬೇಕಾದ ದಿನ ಚಕ್ರದ ದಾರಿಗೆ ಕಾಯಿ ಸುಲಿದ ಮಟ್ಟೆ ಹಾಸುತ್ತಾರೆ. ಈವರೆಗೆ ಒಂದು ಸಲ ಹೂತಿದೆ. ನಾಲ್ಕು ಜನ ತಳ್ಳಿದರು.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವಳು. ಘರ್ಷಣೆಯ ಪಾಠಕ್ಕೆ ಒಳ್ಳೆಯ ಅಂಕ ಬಂದಿತ್ತು. ದಿನಾ ನಮ್ಮ ಅಂಗಳದಲ್ಲೇ ನಿಲ್ಲುತ್ತಿದ್ದ ಆ ಟೈರುಗಳನ್ನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅದಕ್ಕೇ ಇದನ್ನು ಬರೆದೆ.

ಮನೆಯಲ್ಲಿ ಪಿಕಪ್ಪು, ಜೀಪು ಇರುವ ಅಕ್ಕಂದಿರೇ, ಅಣ್ಣಂದಿರೇ, ಈ ಹೊತ್ತು ಹೊರಗೆ ಹೋಗಿ ಚಕ್ರದ ಹತ್ತಿರ ಕೂತು ನೋಡಿ. ಕೊಳ್ಳುವ ಮೊದಲು, ಗಾಡಿ ಹೆಚ್ಚು ಓಡುವುದು ಎಲ್ಲಿ ಎಂದು ಕೇಳಿಕೊಳ್ಳಿ. ವಾರಕ್ಕೆರಡು ಸಲದ ಕೆಸರಿಗಾಗಿ ದಿನನಿತ್ಯದ ಟಾರನ್ನು ಮರೆಯಬೇಡಿ. ನೋಡಲು ಗಟ್ಟಿಮುಟ್ಟಾಗಿದೆ ಎಂದು ಹರಾಜಿನ ಹಳೆಯ ಟೈರು ತರಬೇಡಿ. ಉಗುರು ಊರಿ ನೋಡಿ, ಮಗ್ಗುಲಿನ ಬಿರುಕು ನೋಡಿ. ಗೆರೆಯ ಸಂದಿಯಲ್ಲಿ ಬೆಂಕಿಕಡ್ಡಿಯ ಮದ್ದು ಪೂರ್ತಿ ಮುಳುಗದಿದ್ದರೆ ಆ ಟೈರಿನ ಆಯಸ್ಸು ಮುಗಿಯಿತು. ನಾಲ್ಕೂ ಒಂದೇ ಜಾತಿಯವು ಇರಲಿ. ವಾರಕ್ಕೊಮ್ಮೆ, ಗಾಡಿ ಓಡಿಸುವ ಮೊದಲು, ಗಾಳಿ ನೋಡಿಸಿ. ಮಳೆಯ ಮೊದಲ ಹನಿ ಬಿದ್ದಾಗ ರಸ್ತೆಯ ಧೂಳೂ ಎಣ್ಣೆಯೂ ಕಲೆತು ಜಾರುತ್ತದೆ. ಆಗ ನಿಧಾನವಾಗಿ ಬನ್ನಿ. ಮನೆಯವರು ಕಾಯುತ್ತಾರೆ. ಮತ್ತೆ, ತಿಳಿದವರು ಈ ವಾರ ಹಾಕಿ ಎಂದರೆ ಈ ವಾರವೇ ಹಾಕಿ.

ಹೊಸ ಟೈರು ಹಾಕಿದ ಮೂರನೆಯ ದಿನ ತಿಪಟೂರಿಗೆ ಹೋದೆವು. ಹಿಂದೆ ಕೊಬ್ಬರಿ ಚೀಲ, ಚೀಲದ ಮೇಲೆ ದುರ್ಗಯ್ಯನವರ ನಾಲ್ಕು ಟೈರು. ಅತ್ತೆ ನಮ್ಮಿಬ್ಬರ ನಡುವೆ ಕೂತಿದ್ದರು. ಏರಿಯ ತಿರುವಿನಲ್ಲಿ ಬೆಟ್ಟಸ್ವಾಮಿ ವೇಗ ಇಳಿಸಿದ. ಮಳೆಯಿತ್ತು. ಪಿಕಪ್ಪು ಹೇಳಿದ ಮಾತು ಕೇಳಿತು.

ಅಂಗಡಿಯ ಮುಂದೆ ಟೈರು ಇಳಿಸಿದಾಗ ದುರ್ಗಯ್ಯ ಅಭ್ಯಾಸದಂತೆ ಒದ್ದೆ ಬಟ್ಟೆ ಹಿಡಿದು ಬಂದರು. ವಾಪಸು ಬಂದ ಟೈರಿನ ಮೇಲಿನ ಹೆಸರು ಒರೆಸಿ ಒಳಗಿಡುವುದು ಅವರ ಪದ್ಧತಿ. ಹತ್ತಿರ ಬಂದವರು ನಿಂತರು.

“ಒಂದು ವಾರ ಓಡಿದ್ರೆ ತಾನಾಗೇ ಅಳಿಸಿ ಹೋಗಿರ್ತದೆ ಅವ್ವ,” ಎಂದರು.

ನಾಲ್ಕರ ಮೇಲೂ ಹೆಸರು ಬರೆದ ಹಾಗೆಯೇ ಇತ್ತು. ಅವರ ಕೈಯಿಂದ ಬಟ್ಟೆ ತೆಗೆದುಕೊಂಡೆ. ಒಂದೊಂದಾಗಿ ಒರೆಸಿದೆ. ಒರೆಸಿ, ಟೈರುಗಳನ್ನು ಅವರಿಗೆ ಕೊಟ್ಟೆ.