ಊಟದ ಮೇಜಿನ ಮೇಲೆ ಓಡಿದ ಕಾರು

ಬೋಳಾರದ ಕಜೆಟನ್ ಅವರ ಕಾರು ಎರಡು ವರ್ಷ ನಾಲ್ಕು ತಿಂಗಳಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ಒಂದು ಸಲವೂ ಕೈಕೊಟ್ಟದ್ದಿಲ್ಲ. ಜಡಿಮಳೆಯಲ್ಲೂ ಇಲ್ಲ, ಕರೆಂಟು ಹೋದಾಗಲೂ ಇಲ್ಲ. ಇಷ್ಟು ನಂಬಿಗಸ್ತ ಕಾರು ಮಂಗಳೂರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಅದಕ್ಕೆ ಡೀಸೆಲ್ ಬೇಕಿರಲಿಲ್ಲ, ಬ್ಯಾಟರಿ ಬೇಕಿರಲಿಲ್ಲ, ಹೇಳಬೇಕೆಂದರೆ ಕಾರೇ ಬೇಕಿರಲಿಲ್ಲ. ಮಗಳು ಟಾನ್ಯಾಳ ಮೊಬೈಲಿನಲ್ಲಿದ್ದ ಒಂದು ನಿಮಿಷ ನಲವತ್ತು ಸೆಕೆಂಡಿನ ರೆಕಾರ್ಡಿಂಗ್ ಸಾಕಿತ್ತು.

ಅಸಲಿ ಕಾರು ಅಂಗಳದ ಬಿಂಬುಳಿ ಮರದ ಕೆಳಗೆ ನೀಲಿ ಟರ್ಪಾಲು ಹೊದ್ದು ಮಲಗಿತ್ತು. ನಾಲ್ಕು ಟಯರುಗಳೂ ನೆಲಕ್ಕೆ ಅಂಟಿದ್ದವು. ಟರ್ಪಾಲಿನ ತೂತಿನಿಂದ ಇಳಿದ ಬಿಂಬುಳಿ ಕಾಯಿಯ ಹುಳಿ ರಸ ಬಾನೆಟ್ಟಿನ ಬಣ್ಣವನ್ನು ತಿಂದಿತ್ತು, ಹೆಗ್ಗಣ ವಯರುಗಳನ್ನು ತಿಂದಿತ್ತು. ಹಿಂದುಗಡೆಯ ‘ಟರ್ಬೊ’ ಎಂಬ ಬೆಳ್ಳಿಬಣ್ಣದ ಅಕ್ಷರಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಅದನ್ನು ವಾರವಾರ ಒರೆಸಬೇಕೆಂದು ಕಜೆಟನ್ ಪ್ರತ್ಯೇಕವಾಗಿ ಹೇಳಿದ್ದರು. ಟಾನ್ಯಾ ಹೇಳಿದ್ದನ್ನು ಮಾಡುವ ಹುಡುಗಿ. ಅವಳ ತಾಯಿ ನೆಲ್ಲಿ ಪ್ರತಿ ಈಸ್ಟರಿಗೆ ಇಗರ್ಜಿಯಿಂದ ತಂದ ಪವಿತ್ರ ಜಲವನ್ನು ಬಾನೆಟ್ಟಿನ ಮೇಲೆ ತಪ್ಪದೆ ಚಿಮುಕಿಸುತ್ತಿದ್ದರು. ರೇಡಿಯೇಟರಿಗೆ ಯಾರೂ ಒಂದು ಲೋಟ ನೀರು ಹಾಕಿದ್ದಿಲ್ಲ.

ಕಜೆಟನ್ ಕುವೈತಿನಲ್ಲಿ ಒಂದು ಕಂಪನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಆದರೆ ತಮ್ಮ ಬಲಗಿವಿ ಒಂದು ಇಡೀ ಗ್ಯಾರೇಜಿಗೆ ಸಮ ಎಂಬುದು ಅವರ ದೃಢ ನಂಬಿಕೆ. ರಸ್ತೆಯಲ್ಲಿ ಹೋಗುವ ಕಾರಿನ ಸದ್ದು ಕೇಳಿ, “ಅವನ ಮೂರನೇ ಇಂಜೆಕ್ಟರ್ ಹೋಗಿದೆ” ಎನ್ನುತ್ತಿದ್ದರು. ಆ ಕಾರು ಮುಂದೆ ಹೋಗಿಯಾಗಿರುತ್ತಿದ್ದ ಕಾರಣ ಅವರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ರಜೆ ಮುಗಿಸಿ ಹೊರಡುವಾಗ ಅವರು ಕೀಲಿಯನ್ನು ಹೆಂಡತಿಗೆ ಕೊಡದೆ ಟಾನ್ಯಾಳ ಅಂಗೈಯಲ್ಲಿಟ್ಟಿದ್ದರು. “ಪುತಾ, ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಡು. ಶುಕ್ರವಾರ ನನಗೆ ರಜೆ, ಫೋನು ಮಾಡ್ತೇನೆ, ಸೌಂಡ್ ಕೇಳಿಸು. ನಿನ್ನ ಮಮ್ಮಿ ಸುಳ್ಳು ಹೇಳಿಯಾಳು, ನೀನು ಹೇಳುವುದಿಲ್ಲ. ನಿನಗೆ ಬಾಯಿಯೇ ಇಲ್ಲ ಅಲ್ವಾ?”

ಟಾನ್ಯಾಳಿಗೆ ಬಾಯಿಯೇ ಇಲ್ಲ ಎನ್ನುವುದು ವಾರ್ಡಿನಲ್ಲೆಲ್ಲ ಒಪ್ಪಿತವಾದ ಸಂಗತಿ. ಎಂ.ಎ. ಮುಗಿಸಿದ ಹುಡುಗಿ ಬಸ್ಸಿನಲ್ಲಿ ತನ್ನ ಸ್ಟಾಪ್ ಬಂತೆಂದು ಕಂಡಕ್ಟರಿಗೆ ಹೇಳಲಾಗದೆ ಇನ್ನೊಂದು ಸ್ಟಾಪ್ ಮುಂದೆ ಹೋಗಿ ನಡೆದುಕೊಂಡು ಬರುತ್ತಿದ್ದಳು. ಅಪ್ಪ ತನ್ನನ್ನು ಮೆಚ್ಚಿ ಹೇಳಿದ ಒಂದೇ ಮಾತು ಅದು, ಸುಳ್ಳು ಹೇಳದವಳು ಎಂದು. ಅದನ್ನು ಅವಳು ಕೀಲಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಒಂದು ಶುಕ್ರವಾರ ಕಾರು ಜೋರಾಗಿ ವಿಸಿಲ್ ಹಾಕಿತು, ಕುಕ್ಕರೂ ಅಲ್ಲ, ಆಂಬುಲೆನ್ಸೂ ಅಲ್ಲ ಅನ್ನುವಂಥದ್ದು. ಆ ದಿನ ನೆಟ್‌ವರ್ಕ್ ಸರಿ ಇಲ್ಲದೆ ಅವಳು ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದಳು. ಕಜೆಟನ್ ಅವರಿಂದ ಉತ್ತರ ಬಂತು: “ಸೂಪರ್! ವಿಮಾನದ ಹಾಗುಂಟು!” ಆ ಉತ್ತರ ಬರುವಷ್ಟರಲ್ಲಿ ವಿಮಾನ ನೀಲಿ ಹೊಗೆ ಉಗುಳಿ ನಿಂತಾಗಿತ್ತು. ಮುಂದಿನ ವಾರ ಏಳಲಿಲ್ಲ.

“ಈಗ ಹೇಳಿದ್ರೆ ಅವರ ಬಿಪಿ ಏರ್ತದೆ,” ಎಂದರು ನೆಲ್ಲಿ. “ಈ ವಾರಕ್ಕೆ ಹೋದ ವಾರದ್ದೇ ಕೇಳಿಸು. ಬರುವ ವಾರ ಹೇಳುವ.”

ಬರುವ ವಾರ ಬರಲೇ ಇಲ್ಲ. ಊಟದ ಮೇಜಿನ ಮೇಲೆ ನೆಲ್ಲಿಯವರ ಫೋನು, ಅದರ ಬಾಯಿಗೆ ಬಾಯಿ ಕೊಟ್ಟು ಟಾನ್ಯಾಳ ಫೋನು. ಕುವೈತಿನಿಂದ ಕಜೆಟನ್, “ಸ್ವಲ್ಪ ರೈಸ್ ಮಾಡು ಪುತಾ... ಹಾಂ... ಸಾಕು, ಕಮ್ಮಿ ಮಾಡು” ಎನ್ನುತ್ತಿದ್ದರು. ಕಾರು ಹೇಳಿದ ಹಾಗೆ ಕೇಳುತ್ತಿತ್ತು. ಬಾಯಿಯೇ ಇಲ್ಲದ ಹುಡುಗಿ ಬಾಯಿ ತೆರೆಯದೆಯೇ ವಾರಕ್ಕೊಂದರಂತೆ ಸುಳ್ಳು ಹೇಳುತ್ತಾ ಬಂದಳು. ನಡುವೆ ಊರಿಗೆ ಬರಬೇಕಿದ್ದ ಒಂದು ರಜೆಯ ಬದಲಿಗೆ ಕಜೆಟನ್ ಸಂಬಳ ಪಡೆದು ಅಲ್ಲೇ ಉಳಿದರು. ದೇವರು ದೊಡ್ಡವನು ಎಂದು ನೆಲ್ಲಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದರು.

ಆದರೆ ದೇವರು ಬೇರೆಯವರ ಪ್ರಾರ್ಥನೆಯನ್ನೂ ಕೇಳುತ್ತಾನೆ. “ಕೆಲಸ ಬಿಟ್ಟೆ,” ಎಂದರು ಕಜೆಟನ್ ಒಂದು ಶುಕ್ರವಾರ. “ಬರುವ ತಿಂಗಳು ಹನ್ನೆರಡಕ್ಕೆ ಬರ್ತೇನೆ. ಇನ್ನು ಊರಲ್ಲೇ. ಕಾರುಂಟಲ್ಲ, ತಿರುಗಾಡಿಕೊಂಡು ಇರುವ.”

ಮೇಜಿನ ಮೇಲೆ ಕಾರು ಇನ್ನೂ ಓಡುತ್ತಲೇ ಇತ್ತು. ಟಾನ್ಯಾ ನಿಲ್ಲಿಸಲು ಮರೆತಿದ್ದಳು.

ಬಂದರಿನ ಗೋದಾಮುಗಳ ನಡುವೆ ಶಫೀಕನ ಗ್ಯಾರೇಜು. ಮಾತಾಡುವ ಕಷ್ಟ ತಪ್ಪಲೆಂದು ಟಾನ್ಯಾ ಕಾರಿನ ಕಾಯಿಲೆಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಟ್ಟಳು. ಶಫೀಕ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದೆಂತ ಮೇಡಂ, ಡಾಕ್ಟ್ರ ಚೀಟಿಯಾ? ಊಟಕ್ಕೆ ಮೊದ್ಲಾ, ನಂತರವಾ?”

ಅವಳು ನೆಲ ನೋಡಿದಳು. “ಅಲ್ಲ, ಟರ್ಬೊ ಹೋಗುವಾಗ ಸೌಂಡ್ ಎಂತ ಮಾಡಿತ್ತು? ಅದಾದ್ರೂ ಹೇಳಿ,” ಎಂದ ಅವನು.

ಅವಳು ಮೊಬೈಲು ತೆಗೆದು ಕೇಳಿಸಿದಳು. ಒಂದು ನಿಮಿಷ ನಲವತ್ತು ಸೆಕೆಂಡು ಶಫೀಕ್ ಕಣ್ಣು ಮಿಟುಕಿಸಲಿಲ್ಲ.

“ಅಲ್ಲಾ! ಇದು ಟರ್ಬೊ ಸಾಯುವಾಗಿನ ಕೂಗು. ಒಳಗೆ ಬೇರಿಂಗ್ ಪೂರಾ ಹೋಗಿ, ಎಂಜಿನ್ನಿಗೆ ಗಾಳಿ ತುಂಬುವ ಫ್ಯಾನು ಗೋಡೆಗೆ ಉಜ್ಜುವ ಶಬ್ದ. ಇಷ್ಟು ಕ್ಲಿಯರಾಗಿ ನಾನು ಕೂಡ ಕೇಳಿದ್ದಿಲ್ಲ. ಇದನ್ನು ಎಂತಕ್ಕೆ ಇಟ್ಟುಕೊಂಡದ್ದು ಮಾರಾಯ್ತಿ?”

“ಡ್ಯಾಡಿಗೆ ಕೇಳಿಸ್ಲಿಕ್ಕೆ,” ಎಂದಳು. ಆಮೇಲೆ, ಅರ್ಧ ವಾಕ್ಯ, ಕಾಲು ವಾಕ್ಯಗಳಲ್ಲಿ, ಎಲ್ಲವೂ ಹೊರಗೆ ಬಂತು, ಡ್ಯಾಡಿಗೆ ಹೇಳ್ಬೇಡಿ ಎಂಬ ಮಾತೂ.

ಶಫೀಕ್ ಮೊದಲು ನಗಲಿಲ್ಲ, ಪಾಪ, ತುಂಬಾ ಪ್ರಯತ್ನಪಟ್ಟ. ಕೊನೆಗೆ ಸ್ಪಾನರು ಕೆಳಗಿಟ್ಟು, ಜ್ಯಾಕಿನ ಮೇಲೆ ಕುಳಿತು, ಎಣ್ಣೆ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡು ನಕ್ಕ. “ವಾರಕ್ಕೆ ಎರಡು ನಿಮಿಷ! ಅದರಿಂದಲೇ ಹೋದದ್ದು ಮೇಡಂ. ಎಂಜಿನ್ ಬಿಸಿಯಾಗುವ ಮೊದ್ಲೇ ಆಫ್ ಮಾಡಿದ್ರೆ ಒಳಗಿನ ಆಯಿಲು ಟಾರಿನ ಹಾಗೆ ಆಗ್ತದೆ. ಮಲಗಿದವನನ್ನು ಎಬ್ಬಿಸಿ, ಚಾ ಕೊಡದೆ, ‘ಸರಿ, ಮಲಗು’ ಅಂತ ಹೇಳಿದ ಹಾಗೆ. ಆಯ್ತು, ಮಾಡುವ. ನಿಮ್ಮ ವಿಷಯ ನನ್ನ ಬಾಯಿಂದ ಹೊರಗೆ ಹೋಗ್ಲಿಕ್ಕಿಲ್ಲ. ಅಲ್ಲಾಹನಾಣೆ.”

ಕಾರನ್ನು ಎಳೆದುಕೊಂಡು ಹೋದರು. ಟ್ಯಾಂಕಿನಿಂದ ಡೀಸೆಲ್ಲಿನ ಹೆಸರಿನಲ್ಲಿ ಕಷಾಯದಂಥದ್ದೊಂದು ಇಳಿಯಿತು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಹೆಗ್ಗಣವು, ಗರಿಗಳ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆಂಗಿನಗರಿಗಳನ್ನು ಒಣಗಿದ ಮೇಲೆ ತಂದು ಚೆಂದದ ಮನೆ ಕಟ್ಟಿತ್ತು. ಮನೆಯಲ್ಲಿ ಭಕ್ತಿ ಇರುವವರು ಬಹಳ ಮಂದಿ. ಬ್ರೇಕು ಬಿಡಿಸಲಿಕ್ಕೆ ಸುತ್ತಿಗೆ ಬೇಕಾಯಿತು. ಟರ್ಬೊವನ್ನು ಕಳಚಿ, ಒಳಗಿನ ಭಾಗ ಹೊಸತು ತರಿಸಬೇಕಾಯಿತು. ಟಾನ್ಯಾ ದಿನಾ ಹೋದಳು. ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿದಳು, ಇನ್ಶೂರೆನ್ಸಿನವನಿಗೆ ಮಾಡಿದಳು, ಹೊಗೆ ಸರ್ಟಿಫಿಕೇಟಿಗೆ ಲೈನಿನಲ್ಲಿ ನಿಂತಳು. ಒಂದು ಸುಳ್ಳನ್ನು ಸತ್ಯ ಮಾಡಲಿಕ್ಕೆ ಇಷ್ಟೊಂದು ಮಾತು ಬೇಕಾಗುತ್ತದೆ ಎಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಕಜೆಟನ್ ಹನ್ನೆರಡಕ್ಕೆ, ಗುರುವಾರ ಬಂದಿಳಿದರು. ಏರ್‌ಪೋರ್ಟಿನಿಂದ ಟ್ಯಾಕ್ಸಿ. ಬಿಂಬುಳಿ ಮರದ ಕೆಳಗಿನ ಖಾಲಿ ಜಾಗವನ್ನು ನೋಡಿ ಅವರ ಹುಬ್ಬು ಮೇಲೆ ಹೋಯಿತು.

“ನೀವು ಬರ್ತೀರಿ ಅಂತ ಸರ್ವಿಸಿಗೆ ಕೊಟ್ಟದ್ದು. ನಾಳೆ ಬರ್ತದೆ,” ಎಂದರು ನೆಲ್ಲಿ, ಒಂದು ಚೂರೂ ತಡವರಿಸದೆ. ಸುಳ್ಳಿನ ವಿಷಯದಲ್ಲಿ ಗಂಡ ತನ್ನ ಮೇಲಿಟ್ಟ ಭರವಸೆಯನ್ನು ಆಕೆ ಒಮ್ಮೆಯೂ ಹುಸಿಮಾಡಿದವರಲ್ಲ.

ಶುಕ್ರವಾರ ಹತ್ತು ಗಂಟೆಗೆ ಶಫೀಕ್ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಜುಮ್ಮಾ ನಮಾಜಿಗೆ ಹೋಗಬೇಕೆಂದು ಬಿಳಿ ಅಂಗಿ ಹಾಕಿಕೊಂಡೇ ಬಂದಿದ್ದ. ಪಕ್ಕದ ಮನೆಯ ಡೆನ್ಜಿಲ್, ವಾರ್ಡಿನ ವಾಟ್ಸಾಪ್ ಗ್ರೂಪಿನ ಅಡ್ಮಿನ್, ತನ್ನ ದಾಸವಾಳಕ್ಕೆ ನೀರು ಹಾಕುವ ನೆಪದಲ್ಲಿ ನಡುವಿನ ಪಾಗಾರದ ಗೋಡೆಯ ಬಳಿ ಬಂದು ನಿಂತ. ಮಳೆ ಈಗಷ್ಟೇ ಬಿಟ್ಟಿತ್ತು.

“ಸ್ಟಾರ್ಟ್ ಮಾಡು,” ಎಂದು ಕಜೆಟನ್ ಬಲಗಿವಿಯನ್ನು ಬಾನೆಟ್ಟಿನತ್ತ ವಾಲಿಸಿ, ಕಣ್ಣು ಮುಚ್ಚಿ ನಿಂತರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಸಣ್ಣಗೆ, ಹದವಾಗಿ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರ್‌ಗುಟ್ಟಿತು.

ಕಜೆಟನ್ ಕಣ್ಣು ತೆರೆದರು. “ವಿಸಿಲ್ ಎಲ್ಲುಂಟು?”

“ವಿಸಿಲ್ ಇರ್ಲಿಕ್ಕಿಲ್ಲ ಪೊರ್ಬುಗಳೇ. ಈಗ ಸರಿ ಉಂಟು,” ಎಂದ ಶಫೀಕ್. ಕ್ರಿಶ್ಚನ್ ಯಜಮಾನರನ್ನು ಈ ಊರಿನಲ್ಲಿ ಹಾಗೆಯೇ ಕರೆಯುವುದು.

“ಎಂತ ಸರಿ? ಎರಡೂವರೆ ವರ್ಷದಿಂದ ವಾರವಾರ ಈ ಕಿವಿಯಲ್ಲಿ ಕೇಳಿದ್ದೇನೆ ಮಾರಾಯ. ವಿಮಾನದ ಹಾಗೆ ಹೋಗ್ತಿತ್ತು. ಇದು ನನ್ನ ಟರ್ಬೊ ಅಲ್ಲ.”

“ಹೊಸ ಪಾರ್ಟು ಹಾಕಿದ್ದು...”

“ಹೊಸತು ಎಂತಕ್ಕೆ? ಹಳೆಯದಕ್ಕೆ ಎಂತ ಆಗಿತ್ತು?”

ಶಫೀಕ್ ಬಾಯಿ ತೆರೆದ. ಟಾನ್ಯಾಳ ಕಡೆ ಒಮ್ಮೆ ನೋಡಿದ. ಮುಚ್ಚಿದ.

“ನೋಡು, ಉತ್ತರ ಇಲ್ಲ!” ಕಜೆಟನ್ ಪಾಗಾರದ ಕಡೆಗೆ ತಿರುಗಿ ದನಿ ಏರಿಸಿದರು. “ಡೆನ್ಜಿಲ್, ಗೊತ್ತಾಯ್ತಾ? ಹೆಂಗಸರು ಮಾತ್ರ ಇರುವ ಮನೆ ಅಂತ ನನ್ನ ಒರಿಜಿನಲ್ ಟರ್ಬೊ ತೆಗೆದು ಮಾರಿದ್ದಾನೆ. ಇದು ಯಾವುದೋ ಗುಜರಿ ಅಂಗಡಿಯದ್ದು.”

ಡೆನ್ಜಿಲ್ ನೀರಿನ ಪೈಪು ಕೆಳಗಿಟ್ಟು ಮೊಬೈಲು ಎತ್ತಿಕೊಂಡ. “ಗ್ರೂಪಿಗೆ ಹಾಕುವನಾ? ಬಂದರ್‌ನ ಗ್ಯಾರೇಜ್ ಅಲ್ವಾ? ಹೆಸರೆಂತ?”

“ಹಾಕು. ನಮ್ಮವರು ಯಾರೂ ಅತ್ಲಾಗಿ ಹೋಗ್ಬಾರ್ದು.”

ಶಫೀಕನ ಮುಖ ಕೆಂಪಾಯಿತು, ಮತ್ತೆ ಬಿಳಿಯಾಯಿತು. ಹಳೇ ಟರ್ಬೊ ಕಾರಿನ ಡಿಕ್ಕಿಯಲ್ಲೇ, ಪೇಪರಿನಲ್ಲಿ ಸುತ್ತಿ ಇಟ್ಟದ್ದಿತ್ತು. ತೆಗೆದ ಪಾರ್ಟನ್ನು ಯಜಮಾನನಿಗೆ ಹಿಂದೆ ಕೊಡುವುದು ಅವನ ತಂದೆಯ ಕಾಲದಿಂದ ಬಂದ ರೂಢಿ. ನಾಲ್ಕು ಹೆಜ್ಜೆ ಹೋಗಿ ಡಿಕ್ಕಿ ತೆರೆದರೆ ಸಾಕು, ಕಳ್ಳ ಎಂಬ ಮಾತು ಬಿದ್ದುಹೋಗುತ್ತಿತ್ತು. ಆದರೆ ಒಳಗೆ ಕರಿ ಹಿಡಿದು ಜಾಮ್ ಆದ ಅದನ್ನು ನೋಡಿದರೆ, ಅದು ಹೋದ ವಾರ ವಿಮಾನದ ಹಾಗೆ ಹಾರಿದ್ದಲ್ಲ ಎಂದು ಮಗುವಿಗೂ ಗೊತ್ತಾದೀತು. ಅವನು ಕೈಕಟ್ಟಿ ನಿಂತೇ ಇದ್ದ. ಆಣೆ ಹಾಕಿದವನು.

ಟಾನ್ಯಾ ತಾಯಿಯನ್ನು ನೋಡಿದಳು. ನೆಲ್ಲಿಯವರಿಗೆ ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂದು ಒಳಗೆ ಹೋಗಿಯಾಗಿತ್ತು. ಒಲೆ ಹಚ್ಚಿರಲಿಲ್ಲ ಎಂಬುದು ಬೇರೆ ಮಾತು.

ಈಗ ಸುಮ್ಮನಿದ್ದರೆ ಅಪ್ಪನಿಗೆ ಅವಳು ಸುಳ್ಳು ಹೇಳದ ಮಗಳಾಗಿಯೇ ಉಳಿಯುತ್ತಿದ್ದಳು. ಸುಮ್ಮನಿರುವುದು ಅವಳಿಗೆ ಕಷ್ಟವೂ ಆಗಿರಲಿಲ್ಲ, ಇಪ್ಪತ್ತನಾಲ್ಕು ವರ್ಷದ ಅಭ್ಯಾಸ. ಡೆನ್ಜಿಲನ ಹೆಬ್ಬೆರಳು ಮೊಬೈಲಿನ ಮೇಲೆ ಓಡತೊಡಗಿತ್ತು.

“ಡೆನ್ಜಿಲ್ ಅಂಕಲ್, ಕಳಿಸ್ಬೇಡಿ,” ಎಂದಳು. ಸ್ವರ ಅವಳಿಗೇ ಜೋರಾಗಿ ಕೇಳಿತು. “ಡ್ಯಾಡಿ, ನೀವು ಕೇಳಿದ್ದು ಕಾರಲ್ಲ. ಮೊಬೈಲು.”

“ಎಂತ?”

ಅವಳು ಮೊಬೈಲು ತೆಗೆದು ಒತ್ತಿದಳು. ಗುರ್‌ಗುಟ್ಟುವ ಎಂಜಿನ್ನಿನ ಮೇಲೆ ಆ ವಿಸಿಲ್ ಏರಿತು.

“ಹಾಂ! ಇದು!” ಎಂದು ಕಜೆಟನ್ ಕಿವಿ ವಾಲಿಸಿದರು. “ಕೇಳು ಮಾರಾಯ, ಇದು ಸೌಂಡ್...” ವಾಕ್ಯದ ನಡುವೆ ನಿಂತರು. ಕಾರು ನೋಡಿದರು, ಮೊಬೈಲು ನೋಡಿದರು.

“ಕಾರು ಎರಡು ವರ್ಷದ ಹಿಂದೆಯೇ ಹೋಯ್ತು ಡ್ಯಾಡಿ. ಇದು ಹೋಗುವ ದಿನದ್ದು. ಮತ್ತೆ ವಾರವಾರ ಇದನ್ನೇ ಹಾಕಿದ್ದು. ಶಫೀಕ್ ಅವರಿಗೆ ಗೊತ್ತುಂಟು, ನಾನೇ ಹೇಳ್ಬೇಡಿ ಅಂದದ್ದು. ನಿಮ್ಮ ಟರ್ಬೊ ಡಿಕ್ಕಿಯಲ್ಲುಂಟು.”

“ಎಲ್ಲಾ ಶುಕ್ರವಾರವೂ?”

“ಹೌದು.”

“ಕ್ರಿಸ್ಮಸ್ಸಿನ ಶುಕ್ರವಾರವೂ?”

“ಅದೂ.”

ಕಜೆಟನ್ ಮೊಬೈಲಿನತ್ತ ಬೆರಳು ತೋರಿಸಿದರು. “ಹಾಗಾದ್ರೆ ನಾನು ರೈಸ್ ಮಾಡು ಅಂತ ಹೇಳ್ತಿದ್ದೆನಲ್ಲ?”

“ವಾಲ್ಯೂಮ್ ಜಾಸ್ತಿ ಮಾಡ್ತಿದ್ದೆ.”

ಪಾಗಾರದ ಆಚೆ ಡೆನ್ಜಿಲನಿಗೆ ಕೆಮ್ಮು ಬಂತು. ಶಫೀಕ್ ಜುಮ್ಮಾದ ಬಿಳಿ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡು ಡಿಕ್ಕಿ ತೆರೆಯಲು ಹೋದ. ಪೇಪರಿನ ಗಂಟನ್ನು ತಂದು ಕಜೆಟನ್ ಅವರ ಕೈಗೆ ಕೊಟ್ಟ. ಅವರು ಅದನ್ನು ಬೆರಳಿನಿಂದ ತಿರುಗಿಸಲು ನೋಡಿದರು. ತಿರುಗಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದು ಚೂರು ಕರಿ ಉದುರಿ ಕುವೈತಿನ ಹೊಸ ಅಂಗಿಯ ಮೇಲೆ ಬಿತ್ತು.

“ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಹೀಗೇ ಆಗುದು ಪೊರ್ಬುಗಳೇ,” ಎಂದ ಶಫೀಕ್ ಬಹಳ ಮರ್ಯಾದೆಯಿಂದ. “ಯಾರೋ ಅವರಿಗೆ ಹಾಗೆ ಮಾಡ್ಲಿಕ್ಕೆ ಹೇಳಿದ್ದಂತೆ.”

ಕಜೆಟನ್ ಟರ್ಬೊವನ್ನು ಪೇಪರಿನಲ್ಲಿ ಪುನಃ ಸುತ್ತಿದರು, ಆತುರವಿಲ್ಲದೆ, ಮಡಿಕೆ ಸರಿಯಾಗುವವರೆಗೆ. ಮಗಳ ಮುಖ ನೋಡಲಿಲ್ಲ.

“ಶಫೀಕ್,” ಎಂದರು ಕೊನೆಗೆ. “ಬಾಯಿ ತಪ್ಪಿ ಹೋಯ್ತು ಮಾರಾಯ. ಮನಸ್ಸಲ್ಲಿ ಇಟ್ಟುಕೊಳ್ಬೇಡ.” ಆಮೇಲೆ ಪಾಗಾರದತ್ತ, “ಡೆನ್ಜಿಲ್, ಗ್ರೂಪಿಗೆ ಎಂತ ಹಾಕ್ಲಿಕ್ಕಿಲ್ಲ. ದಾಸವಾಳಕ್ಕೆ ನೀರು ಸಾಕು, ಮಳೆ ಬಂದದ್ದಲ್ವಾ?”

ಶಫೀಕನನ್ನು ಬಂದರಿನ ಮಸೀದಿಯ ಬಳಿ ಇಳಿಸುವುದೆಂದಾಯಿತು. ಕಜೆಟನ್ ಡ್ರೈವರ್ ಸೀಟಿನ ಬಾಗಿಲು ತೆರೆದರು, ಒಂದು ಗಳಿಗೆ ನಿಂತರು, ಸುತ್ತು ಹಾಕಿ ಬಂದು ಎಡಗಡೆ ಕುಳಿತರು. “ಟಾನ್ಯಾ, ನೀನೇ ಬಿಡು. ಸುರತ್ಕಲ್‌ವರೆಗೆ ಹೋಗುವ. ಎರಡು ನಿಮಿಷ ಸಾಕಾಗುದಿಲ್ಲಂತಲ್ಲ.”

ಮಸೀದಿಯ ಬಳಿ ಶಫೀಕ್ ಇಳಿದ. ಕೊಟ್ಟಾರ ದಾಟಿತು. ಕೂಳೂರು ಸೇತುವೆ ಬಂತು. ಟಾನ್ಯಾ ನಲವತ್ತರಲ್ಲೇ ಹೋಗುತ್ತಿದ್ದಳು. ಹಿಂದಿನ ಬಸ್ಸಿನವನು ಹಾರ್ನಿನಲ್ಲಿ ತನಗೆ ತಿಳಿದದ್ದನ್ನೆಲ್ಲ ಹೇಳುತ್ತಿದ್ದ.

“ರೈಸ್ ಮಾಡು,” ಎಂದರು ಕಜೆಟನ್ ಕಿಟಕಿಯ ಹೊರಗೆ ನೋಡುತ್ತಾ. “ಕಾಲಿನಿಂದ.”

ಅವಳು ಒತ್ತಿದಳು. ಕಾರು ಒಂದು ಕ್ಷಣ ಯೋಚಿಸಿದಂತೆ ಮಾಡಿ, ಬೆನ್ನಿಗೆ ಯಾರೋ ಕೈಕೊಟ್ಟಂತೆ ಮುಂದಕ್ಕೆ ಹಾರಿತು. ಬಸ್ಸು ಕನ್ನಡಿಯಲ್ಲಿ ಸಣ್ಣದಾಯಿತು. ಸದ್ದು ಹೆಚ್ಚೇನೂ ಆಗಲಿಲ್ಲ.

“ಓಡ್ತದೆ,” ಎಂದು ಕಜೆಟನ್ ಒಪ್ಪಿಕೊಂಡರು. ಪಣಂಬೂರು ಬಂದಾಗ ಬಲಗಿವಿ ಉಜ್ಜಿಕೊಂಡು ಸೇರಿಸಿದರು: “ಆದ್ರೆ ನೀನು ಎಂತ ಬೇಕಾದ್ರೂ ಹೇಳು ಪುತಾ, ಸೌಂಡ್ ಮಾತ್ರ ಅದರದ್ದೇ ಒಳ್ಳೆದಿತ್ತು.”

“ಡ್ಯಾಡಿ,” ಎಂದಳು ಟಾನ್ಯಾ, ರಸ್ತೆಯಿಂದ ಕಣ್ಣು ತೆಗೆಯದೆ. “ಬೆಲ್ಟ್ ಹಾಕಿ.”

ಅವರು ಹಾಕಿದರು.