ಆನೆ ಅಳಿಸಿದವಳು

"ಇದು ಆನೆಯಾ? ನೀವೇ ಹೇಳಿ ಈರಬಸಪ್ಪನವರೇ, ಎಲ್ಲಿಂದ ನೋಡಿದರೆ ಇದು ಆನೆ?"

ಮೋಹನದಾಸ್ ಶೆಟ್ಟರು ಗಲ್ಲಾದ ಹಿಂದೆ ಎದ್ದು ನಿಂತು ಬಿಲ್ಲಿನ ಚೀಟಿಯನ್ನು ಎತ್ತಿ ಹಿಡಿದಿದ್ದರು. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಈಗ ಧನಕವಡಿಯಲ್ಲಿ ಮಗಳ ಮನೆಯಲ್ಲಿರುವ ಈರಬಸಪ್ಪನವರು ದಿನವೂ ಬೆಳಿಗ್ಗೆ ಶೆಟ್ಟರ ಅಂಬಿಕಾ ಹೋಟೆಲಿನ ಇಡ್ಲಿ ತಿನ್ನದೆ ಪೇಪರ್ ಓದುವವರಲ್ಲ. ಅವರು ಕನ್ನಡಕ ಏರಿಸಿಕೊಂಡು ಚೀಟಿಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗು ಮಾಡಿ ನೋಡಿದರು.

"ಸುಳ್ಳ ಯಾಕ ಹೇಳ್ಲಿ ಶೆಟ್ರ? ನಮ್ಮ ಬಚ್ಚಲದ ಪೈಪ ಇದ್ದಂಗ ಅದ. ಸೊಂಡಿ ಅದ ಅಂತ ತಿಳಕೊಳ್ಳೂಣು, ಆನಿ ಎಲ್ಲಿ ಹೋತ್ರಿ?"

"ಅದೇ ನಾನು ಹೇಳುದು!" ಎಂದು ಶೆಟ್ಟರು ಗೆದ್ದವರ ಹಾಗೆ ಸುತ್ತ ನೋಡಿದರು. ಹೋಟೆಲಿನಲ್ಲಿದ್ದ ನಾಲ್ಕು ಟೇಬಲಿನವರೂ ನಕ್ಕರು. ಅಡುಗೆಮನೆಯ ಬಾಗಿಲ ಪಕ್ಕದ ಟೇಬಲಿನಲ್ಲಿ ಬನ್ಸ್ ತಿನ್ನುತ್ತಿದ್ದ ಅವರ ಮಗಳು ಜ್ಯೋತ್ಸ್ನಾ ಮಾತ್ರ ನಗಲಿಲ್ಲ. ಆ ಪೈಪು ಅವಳು ಮಾಡಿದ್ದು.

ಗಜಮುದ್ರಾ ಎಂಬುದು ಪುಣೆಯದೇ ಒಂದು ಸಾಫ್ಟ್‌ವೇರ್ ಸಂಸ್ಥೆ. ಕಿರಾಣಿ ಅಂಗಡಿ, ಔಷಧಿ ಅಂಗಡಿ, ಹೋಟೆಲು ಎಂದು ಎಲ್ಲ ಕಡೆಯೂ ಅವರದೇ ಬಿಲ್ ಮೆಷಿನ್. ಮೆಷಿನ್ನಿನ ಮೇಲೊಂದು ದಷ್ಟಪುಷ್ಟ ಆನೆಯ ಸ್ಟಿಕ್ಕರು, ಬಿಲ್ಲಿನ ತುದಿಯಲ್ಲೂ ಅದೇ ಆನೆ. ಈಚೆಗೆ ಸಂಸ್ಥೆಗೆ ಹೊಸ ಗುರುತು ಬೇಕೆನಿಸಿ, ಜ್ಯೋತ್ಸ್ನಾ ಕೆಲಸ ಮಾಡುವ ಕೋಥರೂಡಿನ ಡಿಸೈನ್ ಸ್ಟುಡಿಯೋಗೆ ಆ ಕೆಲಸ ಬಂತು. ಅವಳು ತಿಂಗಳುಗಟ್ಟಲೆ ಕೂತು ಆನೆಯ ಮೈಯಿಂದ ಬೇಡದ್ದನ್ನೆಲ್ಲ ತೆಗೆಯುತ್ತ ಬಂದಳು. ಕಿವಿ ಹೋಯಿತು, ಕಾಲು ಹೋಯಿತು, ದಂತ ಹೋಯಿತು. ಕೊನೆಗೆ ಉಳಿದದ್ದು ಎರಡು ಬಾಗಿದ ಗೆರೆ: ಒಂದು ಬೆನ್ನು, ಒಂದು ಸೊಂಡಿಲು. ಅವಳಿಗೆ ಅದನ್ನು ನೋಡಿದಾಗೆಲ್ಲ ಎದೆ ತುಂಬಿ ಬರುತ್ತಿತ್ತು.

ಊರಿಗೆ ಮಾತ್ರ ಹೊಟ್ಟೆ ತುಂಬ ನಗು ಬಂತು. ಗಣಪತಿ ಹಬ್ಬ ಎದುರಿಗಿರುವಾಗ ಪುಣೆಯಲ್ಲಿ ಆನೆಯನ್ನು ಅಳಿಸಿದರೆ ಜನ ಸುಮ್ಮನಿರುತ್ತಾರೆಯೇ? ಅರ್ಧ ತಿಂದ ಜಿಲೇಬಿ ಎಂದರು, ಕೊಡೆಯ ಹಿಡಿ ಎಂದರು, ನೆಗಡಿಯಾದ ಮೂಗು ಎಂದರು. ಯಾರೋ ಆನೆಯ ಹಳೆಯ ಚಿತ್ರ ಹಾಕಿ 'ಕಾಣೆಯಾಗಿದೆ, ಕಂಡವರು ತಿಳಿಸಿ' ಎಂದು ಬರೆದದ್ದು ಎಲ್ಲರ ಮೊಬೈಲಿಗೂ ಬಂತು. ಈ ಊರಿನಲ್ಲಿ ಬೈಯುವುದನ್ನೂ ಬೋರ್ಡು ಬರೆದು ಬೈಯುವ ಶಿಸ್ತು ಉಂಟು. ಹೋಟೆಲಿನ ಎದುರಿನ ಸ್ಟೇಷನರಿ ಅಂಗಡಿಯವರು ಮರಾಠಿಯಲ್ಲಿ ಅಚ್ಚುಕಟ್ಟಾಗಿ ಒಂದು ಪಾಟಿ ಬರೆದು ತೂಗುಹಾಕಿದ್ದರು: 'ನಮ್ಮ ಬಿಲ್ಲಿನಲ್ಲಿರುವುದು ಆನೆ. ಮತ್ತೆ ಮತ್ತೆ ಕೇಳಿ ನಮ್ಮ ಸಮಯ ಹಾಳುಮಾಡಬೇಡಿ.'

ಇದೆಲ್ಲವನ್ನೂ ಅವಳು ತಡೆದುಕೊಂಡಾಳು. ಅಪ್ಪನ ನಗುವನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ಅದಕ್ಕೆ ಹಿಂದಿನ ವರ್ಷದ ಒಂದು ಸಂಗತಿ ಕಾರಣ.

ಅಂಬಿಕಾ ಹೋಟೆಲಿನ ಆಯುಧಪೂಜೆ ಎಂದರೆ ದುಡಿಯುವ ಸಾಮಾನಿನ ಮೆರವಣಿಗೆ. ಬಾಳೆಲೆ ಹಾಸಿ, ಅಡುಗೆಯ ದೇವಾನಂದನ ಸೌಟು, ಕಾಯಿ ಹೆರೆಯುವ ಮಣೆ, ಸಪ್ಲಾಯರುಗಳ ಟ್ರೇ, ಬಿಲ್ ಮೆಷಿನ್ ಎಲ್ಲ ಸಾಲಾಗಿ ಕೂರುತ್ತವೆ. ಹೋದ ವರ್ಷ ಜ್ಯೋತ್ಸ್ನಾ ತಾನು ಪರದೆಯ ಮೇಲೆ ಚಿತ್ರ ಬರೆಯುವ ಬಿಳಿ ಪೆನ್ನನ್ನು ತಂದು ಸೌಟಿನ ಪಕ್ಕದಲ್ಲಿಟ್ಟಳು. ಅಪ್ಪ ಬೈಯಲಿಲ್ಲ. ಬಹಳ ಪ್ರೀತಿಯಿಂದಲೇ ಅದನ್ನು ಎತ್ತಿ ಅವಳ ಕೈಗೆ ಕೊಟ್ಟು, "ಪೆನ್ನು ಪುಸ್ತಕ ಎಲ್ಲ ಶಾರದೆಯ ಮುಂದೆ ಇಡುದಲ್ವಾ ಮಗಾ? ಇದು ದುಡಿಯುವ ಸಾಮಾನಿನ ಪೂಜೆ" ಎಂದಿದ್ದರು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ಮಗಳು ಅಪ್ಪನ ಲೆಕ್ಕದಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಆ ಪೆನ್ನು ಸೌಟಿನ ಪಕ್ಕ ಕೂರಬೇಕು ಎಂಬ ಆಸೆ ಅವಳಿಗೆ ಅವತ್ತಿನಿಂದ ಹಿಡಿದದ್ದು ಬಿಟ್ಟಿರಲಿಲ್ಲ. ಅಪ್ಪ ದಿನವಿಡೀ ನೋಡುವ ಮೆಷಿನ್ನಿನ ಮೇಲೆಯೇ ತನ್ನ ಕೆಲಸ ಬಂದಾಗ, ಈ ಸಲದ ಪೂಜೆಯ ದಿನ ಹೇಳಿಬಿಡುತ್ತೇನೆ ಎಂದು ಒಳಗೊಳಗೇ ಕುಣಿದಿದ್ದಳು. ಅಮ್ಮ ಕುಸುಮನಿಗೆ ಮಾತ್ರ ಗೊತ್ತಿತ್ತು.

"ಪಪ್ಪನಿಗೆ ಈಗಲೇ ಹೇಳಿಬಿಡು ಮಾರಾಯ್ತಿ" ಎಂದು ಅಮ್ಮ ಬನ್ಸಿನ ತಟ್ಟೆ ಎತ್ತುತ್ತ ಪಿಸುಗುಟ್ಟಿದರು. "ಇನ್ನು ಸ್ವಲ್ಪ ದಿನ ಹೋದ್ರೆ ಅವರು ಬಸ್ ಸ್ಟ್ಯಾಂಡಿಗೆ ಹೋಗಿ ಭಾಷಣ ಮಾಡ್ತಾರೆ."

"ಹೇಳಿ ಎಂತ ಮಾಡುದು? ಪೈಪು ಮಾಡಿದವಳು ನಾನೇ ಅಂತ ಹೇಳುದಾ?" ಎಂದು ಜ್ಯೋತ್ಸ್ನಾ ಚೀಲ ಹೆಗಲಿಗೇರಿಸಿ ಹೊರಟಳು.

ಅವತ್ತು ಸ್ಟುಡಿಯೋಗೆ ಗಜಮುದ್ರಾದಿಂದ ಸುಲಭಾ ಬಂದಿದ್ದರು. ಹೊಸ ಗುರುತನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವವರು ಅವರೇ. ಹೆಸರು ಸುಲಭಾ, ಮನುಷ್ಯೆ ಅಷ್ಟು ಸುಲಭವಲ್ಲ. ಗ್ರಾಹಕರು ಸಹಾಯವಾಣಿಯಲ್ಲಿ ಬಿಟ್ಟ ದೂರುಗಳನ್ನು ಒಂದೊಂದಾಗಿ ಕೇಳಿಸುತ್ತ ಹೋದರು. ಕೊಲ್ಹಾಪುರದವರು ಬೈದರು, ನಾಗಪುರದವರು ಹಾಡು ಕಟ್ಟಿ ಬೈದರು. ಆಮೇಲೆ ಸುಲಭಾ, "ಇದೊಂದು ಕನ್ನಡದ್ದು. ನಮ್ಮ ಆಫೀಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ" ಎಂದು ಮರಾಠಿಯಲ್ಲಿ ಹೇಳಿ ಮೊಬೈಲು ಒತ್ತಿದರು.

ಮೊದಲು ರುಬ್ಬುವ ಯಂತ್ರದ ಸದ್ದು ಕೇಳಿತು. ಆ ಸದ್ದನ್ನು ಜ್ಯೋತ್ಸ್ನಾ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲಳು.

"ನಿಮ್ಮ ಮೆಷಿನ್ ಎಂತ ತೊಂದ್ರೆ ಇಲ್ಲ, ಒಳ್ಳೆದುಂಟು. ಆದ್ರೆ ಆ ಆನೆ ಉಂಟಲ್ಲ, ಅದನ್ನು ಯಾಕೆ ತೆಗೆದದ್ದು ಮಾರಾಯ್ರೆ? ನಿಮ್ಮ ಜನ ಬಂದು ಸ್ಟಿಕ್ಕರನ್ನು ಕೆರೆದು ಹಾಕಿ ಹೋದ್ರು. ವರ್ಷ ವರ್ಷ ಆಯುಧಪೂಜೆಗೆ ನನ್ನ ಹೆಂಡತಿ ಅದರ ಹಣೆಗೆ ಕುಂಕುಮ ಇಡುದು. ಈಗ ನೀವು ಕೊಟ್ಟದ್ದು ಪೈಪು. ಪೈಪಿಗೆ ಹಣೆ ಎಲ್ಲಿ? ಏ ದೇವಾನಂದ, ನಾಲ್ಕಕ್ಕೆ ಸಾಂಬಾರ್! ಹಾಂ, ಇನ್ನೊಂದು. ಇದನ್ನು ಮಾಡಿದ್ದು ಯಾರೋ ಸಣ್ಣ ಪ್ರಾಯದವರು ಇರ್ಬೇಕು. ಎಲ್ಲರೂ ಸೇರಿ ಮೊಬೈಲಲ್ಲಿ ಬೈಯುದು ನೋಡಿದೆ, ಅದು ಜಾಸ್ತಿ ಆಯ್ತು. ಅವರನ್ನು ಕೆಲಸದಿಂದ ತೆಗಿಬೇಡಿ. ನಮ್ಮಲ್ಲಿ ಅಡುಗೆಯವ ಸಾಂಬಾರ್ ಕೆಡಿಸಿದ್ರೆ ಓಡಿಸುದಿಲ್ಲ, ಗಿರಾಕಿಯ ಟೇಬಲಲ್ಲಿ ಕೂರಿಸಿ ಅದನ್ನೇ ಅವನಿಗೆ ಬಡಿಸ್ತೇವೆ. ಅವರನ್ನು ಒಮ್ಮೆ ಧನಕವಡಿಗೆ ಕಳಿಸಿ. ಕಾಫಿ ಕೊಡ್ತೇನೆ. ಕೂತು ಮಾತಾಡುವಾ."

"ಹೇ ಕಾಯ್ ಮ್ಹಣತಾಯತ್?" ಏನು ಹೇಳುತ್ತಿದ್ದಾರೆ ಇವರು ಎಂದು ಸುಲಭಾ ಕೇಳಿದರು.

ಜ್ಯೋತ್ಸ್ನಾಳ ಪಕ್ಕದಲ್ಲಿದ್ದ ಸಹೋದ್ಯೋಗಿ, ಮೈಸೂರಿನ ಪುನೀತ ಆಗಲೇ ಹೊಟ್ಟೆ ಹಿಡಿದುಕೊಂಡಿದ್ದ. "ಅಯ್ಯೋ ಸಖತ್ ಆಗಿದೆ ಕಣೇ, ಪಕ್ಕಾ ಮಂಗ್ಳೂರು ಸ್ಟೈಲು! ಕೂತು ಮಾತಾಡುವಾ ಅಂತೆ!" ಎಂದು ರಾಗ ಎಳೆದು ತೋರಿಸಿದ. ಆಮೇಲೆ ಸುಲಭಾ ಕಡೆ ತಿರುಗಿ, "ಬೇಸಿಕಲಿ ಮೇಡಂ, ಹೋಟೆಲ್ ಅಂಕಲ್ ಒಬ್ರು. ಪೈಪಿಗೆ ಹಣೆ ಎಲ್ಲಿ ಅಂತಿದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಜ್ಯೋತ್ಸ್ನಾಳಿಗೆ ಕಿವಿ ಬಿಸಿಯಾಯಿತು. ಅಪ್ಪನ ಮಾತನ್ನು ಅಣಕಿಸಿದ್ದಕ್ಕೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಅರ್ಧ ಮಾತನ್ನು ಅವನು ನುಂಗಿದ್ದು ತಡೆಯಲಾಗಲಿಲ್ಲ. ತನ್ನ ಪರವಾಗಿ ಇಡೀ ಊರಿನಲ್ಲಿ ಒಬ್ಬರೇ ಒಬ್ಬರು ಮಾತಾಡಿದ್ದು ಆ ಅರ್ಧದಲ್ಲಿತ್ತು.

"ಇನ್ನೊಮ್ಮೆ ಹಾಕಿ. ನಾನು ಹೇಳುತ್ತೇನೆ" ಎಂದಳು.

ಮತ್ತೆ ರುಬ್ಬುವ ಸದ್ದು ಬಂತು. ಅವಳು ಒಂದೊಂದು ಮಾತನ್ನೂ ನಿಲ್ಲಿಸಿ ನಿಲ್ಲಿಸಿ ಮರಾಠಿಗೆ ತಂದಳು. ಕುಂಕುಮ, ಹಣೆ, ಪೈಪು ಯಾವುದನ್ನೂ ಬಿಡಲಿಲ್ಲ. ಸಾಂಬಾರ್ ಕೆಡಿಸಿದ ಅಡುಗೆಯವನ ಮಾತನ್ನು ಎರಡು ಸಲ ಹೇಳಿದಳು. ಎಲ್ಲ ಮುಗಿದ ಮೇಲೆ, "ಇವರು ನಮ್ಮ ಪಪ್ಪ. ಆ ಎರಡು ಗೆರೆ ನಾನು ಬರೆದದ್ದು ಅಂತ ಅವರಿಗೆ ಗೊತ್ತಿಲ್ಲ" ಎಂದಳು.

ಪುನೀತ ಕುರ್ಚಿಯಲ್ಲಿ ಕುಸಿದು, "ಸಾರಿ ಕಣೇ" ಎಂದು ಬಾಯಿ ಮುಚ್ಚಿಕೊಂಡ. ಸುಲಭಾ ಮಾತ್ರ ಬೆಳಗಿನಿಂದ ಮೊದಲ ಸಲ ಮುಗುಳ್ನಕ್ಕರು. "ಹಾಗಾದರೆ ಇಲ್ಲೇನು ಮಾಡುತ್ತಿದ್ದೀಯ? ಗ್ರಾಹಕರು ಕಾಫಿಗೆ ಕರೆದಿದ್ದಾರೆ, ಹೋಗು" ಎಂದರು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾದವರು ಇನ್ನೂ ಬಂದಿರದ ಹೊತ್ತು. ಜ್ಯೋತ್ಸ್ನಾ ಹೋಟೆಲಿನ ಒಳಗೆ ಬಂದವಳು ಅಡುಗೆಮನೆಯ ಪಕ್ಕದ ತನ್ನ ಟೇಬಲಿಗೆ ಹೋಗದೆ ಗಲ್ಲಾದ ಎದುರಿನ ಟೇಬಲಿನಲ್ಲಿ ಕೂತಳು. ಮನೆಯವರು ಅಲ್ಲಿ ಕೂರುವ ಪದ್ಧತಿ ಇಲ್ಲ.

"ಎಂತ ಅಲ್ಲಿ ಕೂತದ್ದು? ಗಿರಾಕಿಗಳು ಬರುವ ಹೊತ್ತು. ಒಳಗೆ ಹೋಗು" ಎಂದರು ಅಪ್ಪ, ತಲೆ ಎತ್ತದೆ.

"ನಾನು ಗಜಮುದ್ರಾದಿಂದ ಬಂದದ್ದು."

ಅಪ್ಪ ತಲೆ ಎತ್ತಿದರು.

"ಆನೆ ಅಳಿಸಿದವಳು ನಾನೇ ಪಪ್ಪ. ಕಳಿಸಿ, ಕಾಫಿ ಕೊಡ್ತೇನೆ ಅಂತ ಹೇಳಿದ್ರಂತಲ್ಲ, ಅದಕ್ಕೇ ಬಂದೆ."

ಶೆಟ್ಟರು ಮೆಷಿನ್ನನ್ನು ನೋಡಿದರು, ಮಗಳನ್ನು ನೋಡಿದರು, ಎದುರಿನ ಅಂಗಡಿಯ ಪಾಟಿಯನ್ನೂ ನೋಡಿದರು. ಎದ್ದು ಒಳಗೆ ಹೋದರು. ಗಲ್ಲಾ ಬಿಟ್ಟು ಅವರು ಹಾಗೆ ಏಳುವುದೇ ಇಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ಅಮ್ಮನ ಸಣ್ಣ ದನಿ ಕೇಳಿತು. ಜ್ಯೋತ್ಸ್ನಾಳಿಗೆ ಎದ್ದು ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಅಪ್ಪ ಹಬೆಯಾಡುವ ಕಾಫಿ ಲೋಟವನ್ನು ತಾವೇ ತಂದು ಅವಳ ಮುಂದಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು.

"ಬೆಳಿಗ್ಗೆ ನಾನು ಅಷ್ಟು ಮಾತಾಡುವಾಗ ನೀನು ಅಲ್ಲೇ ಇದ್ದದ್ದಲ್ವಾ?"

"ಬನ್ಸ್ ತಿಂತಾ ಇದ್ದೆ."

"ಹೇಳ್ಳಿಕ್ಕೆ ಎಂತ ಆಗಿತ್ತು ನಿಂಗೆ? ನಾನು ಇಡೀ ಧನಕವಡಿಗೆ ಹೇಳಿ ಆಯ್ತು." ಅಪ್ಪನ ಮುಖ ಕೆಂಪಗಾಗಿತ್ತು. ಸ್ವಲ್ಪ ಹೊತ್ತು ಟೇಬಲನ್ನು ಬಟ್ಟೆಯಿಂದ ಒರೆಸಿದರು, ಅದು ಮೊದಲೇ ಒರೆಸಿದ ಟೇಬಲು. "ಎಷ್ಟು ಸಮಯ ಬೇಕಾಯ್ತು ಇದಕ್ಕೆ?"

"ಐದು ತಿಂಗಳು."

"ಎರಡು ಗೆರೆಗೆ ಐದು ತಿಂಗಳಾ?"

ಅವಳು ಬಿಲ್ಲಿನ ಚೀಟಿ ತೆಗೆದು ತೋರಿಸಿದಳು. ಇದು ಬೆನ್ನು, ಇದು ಸೊಂಡಿಲು, ಮಧ್ಯದಲ್ಲಿರುವ ಈ ಖಾಲಿ ಜಾಗವೇ ತಲೆ. ಅಪ್ಪ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಹಣೆ ಖಾಲಿ ಜಾಗದಲ್ಲಿ ಉಂಟು ಅಂತ ಹೇಳುದಾ ನೀನು?"

"ಹೌದು."

"ನೋಡು ಮಗಾ, ನಂಗೆ ಈಗಲೂ ಹಿಡಿಸಲಿಲ್ಲ" ಎಂದರು ಅಪ್ಪ. "ಮಗಳು ಮಾಡಿದ್ದು ಅಂತ ಸುಳ್ಳು ಹೇಳ್ಳಿಕ್ಕೆ ಆಗುದಿಲ್ಲ. ನಂಗೆ ಹಾಗಲಕಾಯಿ ಕೂಡ ಹಿಡಿಸುದಿಲ್ಲ. ಹಾಗಂತ ದೇವಾನಂದ ಹಾಗಲಕಾಯಿ ಗೊಜ್ಜು ಮಾಡಿದ ದಿನ ಅವ ಕೆಲಸ ಮಾಡ್ಲಿಲ್ಲ ಅಂತ ಹೇಳ್ಳಿಕ್ಕೆ ಉಂಟಾ? ಕಾಫಿ ಕುಡಿ, ತಣ್ಣಗಾಗ್ತದೆ."

ಜ್ಯೋತ್ಸ್ನಾ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು. ಅಪ್ಪ ಕಾಫಿ ಮಾಡಿ ಬಹಳ ವರ್ಷವಾಗಿತ್ತು.

ಮರುದಿನ ಈರಬಸಪ್ಪನವರು ಬಿಲ್ಲು ತೆಗೆದುಕೊಂಡು, "ಪೈಪ ಸೋರಾಕತ್ತಿಲ್ಲ ಅಲ್ರಿ ಶೆಟ್ರ?" ಎಂದು ಶುರುಮಾಡಿದಾಗ ಶೆಟ್ಟರು, "ನಮ್ಮ ಹುಡುಗಿ ಮಾಡಿದ್ದು ಅದು. ಬೈಯುದಾದ್ರೆ ಒಂದು ಚಾ ತಗೊಂಡು ಕೂತು ಬೈಯಿರಿ" ಎಂದರು. ಈರಬಸಪ್ಪನವರು ನಾಲಿಗೆ ಕಚ್ಚಿಕೊಂಡು, ಆಮೇಲೆ ಚಾ ತರಿಸಿಕೊಂಡು, ಹೇಳಿದಂತೆಯೇ ಕೂತು ಬೈದರು. ಊರು ಹಾಗೆಯೇ ಇನ್ನೂ ಕೆಲವು ದಿನ ನಕ್ಕಿತು. ಗಣಪತಿ ಹಬ್ಬ ಬಂದು ಹೋಗುವುದರೊಳಗೆ ಜನಕ್ಕೆ ನಗಲು ಬೇರೆ ಏನೋ ಸಿಕ್ಕಿತ್ತು. ಸುಲಭಾ ಹೊಸ ಗುರುತನ್ನು ಉಳಿಸಿಕೊಂಡರು.

ಆಯುಧಪೂಜೆಯ ದಿನ ಹೋಟೆಲಿಗೆ ರಜೆ. ಬಾಳೆಲೆಯ ಮೇಲೆ ತೊಳೆದ ಸಾಮಾನುಗಳೆಲ್ಲ ಥಳಥಳಿಸುತ್ತ ಕೂತಿದ್ದವು. ಕುಸುಮ ಕುಂಕುಮದ ಬಟ್ಟಲು ಹಿಡಿದು ಮೆಷಿನ್ನಿನ ಮುಂದೆ ನಿಂತು ಮಗಳ ಮುಖ ನೋಡಿದರು. ಜ್ಯೋತ್ಸ್ನಾ ಹೊಸ ಸ್ಟಿಕ್ಕರಿನ ಎರಡು ಗೆರೆಗಳ ನಡುವಿನ ಖಾಲಿ ಜಾಗ ತೋರಿಸಿದಳು. ಅಮ್ಮ ಅಲ್ಲಿ ದೊಡ್ಡದಾಗಿ ಒಂದು ಬೊಟ್ಟು ಇಟ್ಟರು.

ಪ್ರಸಾದಕ್ಕೆಂದು ಬಂದಿದ್ದ ಈರಬಸಪ್ಪನವರು ಬಗ್ಗಿ ನೋಡಿ, "ಭಾಳ ಛಲೋ ಆತು. ಈಗ ಪೈಪಿಗೆ ನಳಾನೂ ಬಂತು" ಎಂದರು. ಜ್ಯೋತ್ಸ್ನಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆರತಿ ಎತ್ತಲು ಹೊರಟ ಶೆಟ್ಟರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ನಿಂತರು.

"ಜೋ, ನಿನ್ನ ಆ ಪೆನ್ನು ಎಲ್ಲಿ?"

"ಬ್ಯಾಗಿನಲ್ಲಿ."

"ತಾ ಮತ್ತೆ. ಎಲ್ಲರದ್ದೂ ಬಂದಾಯ್ತು, ನಿನ್ನದೊಂದೇ ಇಲ್ಲ."

ಅವಳು ತಂದು ಕೊಟ್ಟಳು. ಅಪ್ಪ ದೇವಾನಂದನ ಸೌಟನ್ನು ತುಸು ಆಚೆ ಸರಿಸಿ ಜಾಗ ಮಾಡಿ ಪೆನ್ನನ್ನಿಟ್ಟರು. ಅದು ಎಲೆಯ ಮೇಲೆ ಉರುಳಿತು. ಎರಡೂ ಬದಿಗೆ ಒಂದೊಂದು ಚೆಂಡುಹೂ ಒತ್ತಿಟ್ಟು ನಿಲ್ಲಿಸಿದರು. ಅಮ್ಮ ಅದಕ್ಕೂ ಕುಂಕುಮ ಹಚ್ಚಿದರು.

ಊಟದ ಹೊತ್ತಿಗೆ ಪುನೀತನ ಫೋನು ಬಂತು, ಎಲೆಯ ಮುಂದೆ ಕೂತಿದ್ದ ಜ್ಯೋತ್ಸ್ನಾ ಸ್ಪೀಕರ್ ಒತ್ತಿದಳು. "ಜೋ, ಒಂದು ಅರ್ಜೆಂಟ್ ಚೇಂಜ್ ಇದೆ ಕಣೇ. ಹತ್ತೇ ನಿಮಿಷದ ಕೆಲಸ, ಮಾಡಿ ಕಳಿಸ್ತೀಯಾ?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಪಾಯಸ ಬಡಿಸುತ್ತಿದ್ದವರು ಅಲ್ಲಿಂದಲೇ, "ಪೂಜೆಗೆ ಇಟ್ಟದ್ದನ್ನು ಇವತ್ತು ಮುಟ್ಟಲಿಕ್ಕಿಲ್ಲ. ನಾಳೆ ಅಂತ ಹೇಳು" ಎಂದರು.

"ನಾಳೆ" ಎಂದಳು ಜ್ಯೋತ್ಸ್ನಾ ಫೋನಿಗೆ. ದೀಪದ ಬೆಳಕಿನಲ್ಲಿ ಬಿಳಿ ಪೆನ್ನು ಕುಂಕುಮ ಹಚ್ಚಿಸಿಕೊಂಡು ಸೌಟಿನ ಪಕ್ಕದಲ್ಲಿ ಮಲಗಿತ್ತು.