ಕಾಫಿಯ ಕೈಗುಣ

ಮದುವೆಯಾದ ಹೊಸದರಲ್ಲಿ ಅವಳು ಮಾಡಿಕೊಟ್ಟ ಒಂದು ಲೋಟ ಕಾಫಿ ಕುಡಿದರೆ ಸಾಕು, ಗಂಡ ಮಧ್ಯಾಹ್ನದವರೆಗೂ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ಲವಲವಿಕೆಯಿಂದ ನಿಲ್ಲುತ್ತಿದ್ದ. "ನಿನ್ನ ಕೈಗುಣ ಕಣೇ," ಎನ್ನುತ್ತಿದ್ದ. ಆ ಮನೆಯಲ್ಲಿ ಅವಳ ಪಾಲಿಗೆ ಬಂದ ಒಳ್ಳೆಯ ಮಾತು ಅದೊಂದೇ.

ಬರಬರುತ್ತ ಒಂದು ಲೋಟ ಎರಡಾಯಿತು, ಎರಡು ನಾಲ್ಕಾಯಿತು. ಆದರೂ ಅವನು ಆಕಳಿಸುತ್ತಲೇ ಕೆಲಸಕ್ಕೆ ಹೊರಡುತ್ತಿದ್ದ. "ಇದೇನು ಕಾಫಿನೋ ಕಲಗಚ್ಚೋ?" ಎಂದು ಲೋಟ ಕುಕ್ಕುತ್ತಿದ್ದ. ಅವಳು ಪುಡಿ ಹೆಚ್ಚಿಸಿದಳು. ಕೆಲವು ದಿನ ಸುಮ್ಮನಿದ್ದ, ಆಮೇಲೆ ಮತ್ತೆ ಅದೇ ರಾಗ.

"ಮನಸ್ಸಿಟ್ಟು ಮಾಡ್ಬೇಕಲ್ಲಮ್ಮ," ಎಂದು ಅತ್ತೆ ಒಗ್ಗರಣೆ ಹಾಕಿದರು.

ಕಡೆಗೆ ಎದೆ ಡವಡವ ಎನ್ನುತ್ತದೆಂದು ಅವನು ಡಾಕ್ಟರ ಹತ್ತಿರ ಹೋದ. ಜೊತೆಯಲ್ಲಿ ಅವಳೂ ಇದ್ದಳು.

"ಒಂದು ತಿಂಗಳು ಕಾಫಿ ಮುಟ್ಬೇಡಿ," ಎಂದರು ಡಾಕ್ಟರು. "ನಿಮ್ಮ ಮೈ ಅದಕ್ಕೆ ಒಗ್ಗಿಹೋಗಿದೆ. ಈಗ ನೀವು ಕುಡೀತಿರೋದು ಚುರುಕಾಗೋಕಲ್ಲ, ತಲೆನೋವು ಬರದೇ ಇರ್ಲಿ ಅಂತ. ಬಿಟ್ರೆ ಮೊದಮೊದಲು ತಲೆ ಸಿಡಿಯುತ್ತೆ. ಆಮೇಲೆ ಮೈ ಹಳೇ ಅಭ್ಯಾಸ ಮರೆಯುತ್ತೆ. ಆಗ ಅರ್ಧ ಲೋಟಾನೇ ಜೋರಾಗಿ ಹಿಡಿಯುತ್ತೆ."

ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿದ್ದ. ಕೇಳಿಸಿಕೊಂಡವಳು ಅವಳು.

ಅವನ ತಲೆ ಸಿಡಿದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಬೈದಾಗ ಬೈಸಿಕೊಂಡಳು. ಪಥ್ಯ ಮುಗಿದ ದಿನ ಮೊದಲ ಲೋಟ ತಾನೇ ಕೊಡಬೇಕು, ಆ ಹಳೆಯ ಮಾತನ್ನು ಇನ್ನೊಮ್ಮೆ ಅವನ ಬಾಯಿಂದ ಕೇಳಬೇಕು ಎಂದು ಕಾದಳು.

ಆ ದಿನ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೈದುನನ ಹೊಸ ಹೆಂಡತಿ ಕಾಫಿ ಕೊಟ್ಟಾಗಿತ್ತು.

"ಅಬ್ಬಾ! ಕಾಫಿ ಅಂದ್ರೆ ಇದು ನೋಡು!" ಗಂಡ ಕಣ್ಣರಳಿಸಿದ. "ಕಿವೀವರೆಗೂ ಜುಂ ಅಂತು. ನಿಂದು ಕೈಗುಣ ಕಣಮ್ಮ."

"ಅಕ್ಕ ಹೇಳ್ಕೊಟ್ಟಿದ್ದೇ ಭಾವ," ಓರಗಿತ್ತಿ ನಾಚಿದಳು.

"ಹೇಳ್ಕೊಟ್ಟೋಳಿಗೇ ಬರಲ್ವಲ್ಲ!" ಅತ್ತೆ ನಕ್ಕರು. "ನಾಳೆಯಿಂದ ಕಾಫಿ ನೀನೇ ಮಾಡು."

ಅವಳಿಗೆ ತಡೆಯಲಾಗಲಿಲ್ಲ. "ತಿಂಗಳು ಬಿಟ್ಟಿದ್ರಲ್ಲ, ಅದಕ್ಕೇ ಹಾಗನ್ಸೋದು. ಡಾಕ್ಟರೇ ಹೇಳಿದ್ರು..."

"ಹೊಟ್ಟೆಕಿಚ್ಚಿಗೂ ಡಾಕ್ಟರ ಸರ್ಟಿಫಿಕೇಟಾ?" ಎಂದ ಗಂಡ. ಓರಗಿತ್ತಿ ಕೂಡ ನಕ್ಕುಬಿಟ್ಟಳು.

ಅವಳು ಒದ್ದೆ ಕೂದಲು ಬಿಗಿಯಾಗಿ ಕಟ್ಟಿಕೊಂಡು ಪಾತ್ರೆ ತೊಳೆಯಲು ಕೂತಳು. ಅಂದಿನಿಂದ ಒಲೆ ಓರಗಿತ್ತಿಯದು, ಪಾತ್ರೆ ಅವಳದು.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ಅವಳ ಪಕ್ಕಕ್ಕೆ ಓರಗಿತ್ತಿ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅಕ್ಕಾ, ಭಾವ ಇವತ್ತೂ ಆಕಳಿಸ್ತಾನೇ ಹೋದ್ರು. ಮೂರು ಲೋಟ ಕುಡಿದ್ರು. ನನ್ನ ಕೈಯಲ್ಲೇನೋ ತಪ್ಪಾಗ್ತಿದೆ ಅನ್ಸುತ್ತೆ."

ತಪ್ಪು ಕೈಯದ್ದಲ್ಲ ಎಂದು ಹೇಳಲು ಎರಡು ಮಾತು ಸಾಕಿತ್ತು. ಅವು ನಾಲಿಗೆಯ ತುದಿಗೂ ಬಂದವು. ಅವಳು ಕೈಯಲ್ಲಿದ್ದ ಲೋಟ ತೊಳೆದು ಬೋರಲು ಹಾಕಿದಳು.

"ಇನ್ನೊಂದು ಚಮಚ ಪುಡಿ ಹಾಕಿ ನೋಡು," ಎಂದಳು.

ಓರಗಿತ್ತಿ ನಂಬಿ ತಲೆಯಾಡಿಸಿದಳು.